ಅಜಿಲಿಟಿ ಲ್ಯಾಡರ್ ತಂದರೆ ಡಿಫೆನ್ಸ್ ಸರಿಹೋಗುತ್ತದೆಯೇ?

ಎದುರಾಳಿಗಳು ಸಲೀಸಾಗಿ ಒಳಗೆ ನುಗ್ಗುತ್ತಿದ್ದಾರೆ, ಮೂಲೆಯಿಂದ ತ್ರೀ-ಪಾಯಿಂಟರ್‌ಗಳು ಬೀಳುತ್ತಲೇ ಇವೆ ಎಂದಾಗ ಬ್ಯಾಸ್ಕೆಟ್‌ಬಾಲ್ ತಂಡಗಳು ಎಷ್ಟೋ ಸಲ ಮೊದಲು ತರಿಸುವುದು ಅಜಿಲಿಟಿ ಲ್ಯಾಡರ್, ಅಂದರೆ ಕಾಲು ಚುರುಕಾಗಲೆಂದು ನೆಲದ ಮೇಲೆ ಹಾಸಿ ಓಡುವ ಏಣಿ. ವಾರ್ಮಪ್‌ಗೆ ಒಳ್ಳೆಯ ಸಾಮಾನು. ಹದಗೆಟ್ಟ ಡಿಫೆನ್ಸಿಗೆ ಮಾತ್ರ ಇದು ಮದ್ದಲ್ಲ.

ಎರಡು ನೈಲಾನ್ ಪಟ್ಟಿ, ನಡುವೆ ಪ್ಲಾಸ್ಟಿಕ್ ಮೆಟ್ಟಿಲುಗಳು, ಇಷ್ಟೇ ಇದರ ರಚನೆ. ಸಾಮಾನ್ಯವಾಗಿ 4ರಿಂದ 6 ಮೀಟರ್ ಉದ್ದ, ಮೆಟ್ಟಿಲಿಂದ ಮೆಟ್ಟಿಲಿಗೆ ಸುಮಾರು 40 ಸೆಂ.ಮೀ. ಚಪ್ಪಟೆ ಮೆಟ್ಟಿಲಿನದ್ದನ್ನೇ ಆರಿಸಿಕೊಳ್ಳಿ. ದುಂಡಗಿನದ್ದನ್ನು ತುಳಿದರೆ ಅದು ಉರುಳಿ ಪಾದ ಹೊರಳುತ್ತದೆ. ಜೊತೆಗೆ ಕೊಡುವ ಗೂಟಗಳು ಹುಲ್ಲಿನ ಮೈದಾನಕ್ಕೆ ಸರಿ. ಮರದ ಅಥವಾ ಸಿಮೆಂಟಿನ ಕೋರ್ಟಿನಲ್ಲಿ ನಾಲ್ಕೂ ಮೂಲೆಗೆ ಟೇಪ್ ಹಚ್ಚದಿದ್ದರೆ ಎರಡನೆಯವರು ಬರುವಷ್ಟರಲ್ಲಿ ಏಣಿ ಸೊಟ್ಟಗಾಗಿರುತ್ತದೆ. ಸುರುಳಿ ಸುತ್ತಿ ಚೀಲಕ್ಕೆ ತುರುಕಿದರೆ ಪಟ್ಟಿಗಳು ಸಿಕ್ಕಾಗುತ್ತವೆ, ಮೆಟ್ಟಿಲ ಮೇಲೆ ಮೆಟ್ಟಿಲು ಜೋಡಿಸಿ ಕಟ್ಟಿಡಿ.

ಇನ್ನು ಅಸಲಿ ವಿಷಯ. ಏಣಿಯೊಳಗೆ ಓಡುವ ಆಟಗಾರನನ್ನು ಗಮನಿಸಿ: ಕಣ್ಣು ನೆಲದ ಮೇಲೆ, ಸೊಂಟ ನೆಟ್ಟಗೆ, ಹೆಜ್ಜೆ ಗಿಡ್ಡ, ವೇಗ ಅವನಿಷ್ಟ. ಡಿಫೆನ್ಸಿನಲ್ಲಿ ಕಣ್ಣು ಎದುರಾಳಿಯ ಸೊಂಟದ ಮೇಲಿರಬೇಕು, ತನ್ನ ಸೊಂಟ ಕೆಳಗಿರಬೇಕು, ವೇಗ ನಿರ್ಧರಿಸುವವನು ಎದುರಾಳಿ. ಬಲಕ್ಕೆ ಸರಿಯಲು ಎಡಗಾಲಿನಿಂದ ನೆಲವನ್ನು ಜೋರಾಗಿ ತಳ್ಳಬೇಕು. ಆ ತಳ್ಳುವಿಕೆಗೆ 40 ಸೆಂ.ಮೀ. ಚೌಕದಲ್ಲಿ ಜಾಗವೇ ಇಲ್ಲ.

ಕ್ಲೋಸ್‌ಔಟನ್ನೇ (ಚೆಂಡು ಸಿಗುವ ಶೂಟರ್ ಕಡೆಗೆ ಓಡಿಹೋಗಿ ತಡೆಯುವುದು) ತೆಗೆದುಕೊಳ್ಳಿ, ತಂಡಗಳು ಹೆಚ್ಚು ಎಡವುವುದು ಇಲ್ಲೇ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಅಳತೆಯ ಕೋರ್ಟಿನಲ್ಲಿ ಮೂಲೆಯ ತ್ರೀ-ಪಾಯಿಂಟ್ ಗೆರೆ ಬುಟ್ಟಿಯ ನಡುಮಧ್ಯದಿಂದ 6.60 ಮೀಟರ್. ರಿಮ್ಮಿನ (ಬುಟ್ಟಿಯ ಬಳೆಯ) ಹತ್ತಿರ ಹೆಲ್ಪಿಗೆ, ಅಂದರೆ ಜೊತೆಗಾರನ ನೆರವಿಗೆ, ನಿಂತವನು ಪಾಸ್ ಗಾಳಿಯಲ್ಲಿರುವಾಗಲೇ ಹೊರಟುಬಿಡಬೇಕು. ಶೂಟರ್ ಚೆಂಡು ಹಿಡಿದ ಮೇಲೆ ಹೊರಟರೆ ಆಟ ಮುಗಿದಂತೆಯೇ. ಮೂರರಲ್ಲಿ ಎರಡು ಪಾಲು ದೂರ ಪೂರ್ತಿ ಓಟ, ಉಳಿದದ್ದು ಚಿಕ್ಕ ಹೆಜ್ಜೆ, ಸೊಂಟ ತಗ್ಗಿಸಿ, ಕೈ ಎತ್ತಿ. ಏಣಿಯ ಅಭ್ಯಾಸ ನೆರವಾದರೆ ಆ ಕೊನೆಯ ಮೂರು ನಾಲ್ಕು ಹೆಜ್ಜೆಗಳಿಗೆ. ಪಾಸನ್ನು ಓದುವುದನ್ನಾಗಲಿ, ಪೂರ್ತಿ ವೇಗದಿಂದ ಬ್ರೇಕ್ ಹಾಕುವುದನ್ನಾಗಲಿ ಅದು ಕಲಿಸುವುದಿಲ್ಲ. ಬ್ರೇಕ್ ಬೀಳದಿದ್ದರೆ ಶೂಟರ್ ಒಂದು ಪಂಪ್ ಫೇಕ್ ಕೊಟ್ಟು (ಎಸೆಯುವಂತೆ ನಟಿಸಿ) ಪಕ್ಕದಿಂದ ಒಳಗೆ ನುಗ್ಗುತ್ತಾನೆ, ಮತ್ತೊಬ್ಬ ಹೆಲ್ಪಿಗೆ ಬರಬೇಕಾಗುತ್ತದೆ, ಅವನು ಬಿಟ್ಟುಬಂದವನು ಖಾಲಿ ಉಳಿಯುತ್ತಾನೆ.

ಮಾತನಾಡದ ತಂಡಕ್ಕಂತೂ ಯಾವ ಏಣಿಯೂ ಸಾಲದು. ಸ್ಕ್ರೀನ್ (ದಾರಿಗೆ ಅಡ್ಡವಾಗಿ ನಿಲ್ಲುವ ಎದುರಾಳಿ) ಬರುತ್ತಿದೆ ಎಂದು ಹಿಂದಿನವನು ಕೂಗದಿದ್ದರೆ ಎಂಥ ಚುರುಕು ಕಾಲೂ ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುತ್ತದೆ.

ಈಗಾಗಲೇ ತಂದಿದ್ದರೆ ಹೀಗೆ ಬಳಸಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಏಣಿಯ ತುದಿಯಲ್ಲಿ ಒಬ್ಬರು ಚೆಂಡು ಹಿಡಿದು ನಿಲ್ಲಲಿ. ಆಟಗಾರ ಕೊನೆಯ ಮೆಟ್ಟಿಲಿಗೆ ಬರುತ್ತಿದ್ದಂತೆ ಎಡಕ್ಕೋ ಬಲಕ್ಕೋ ಚೆಂಡು ಚಾಚಲಿ. ಆ ಕಡೆಗೆ ಕೀಯ (ಬುಟ್ಟಿಯ ಮುಂದಿನ ಆಯತದ) ಅಗಲದಷ್ಟು, ಅಂದರೆ 4.9 ಮೀಟರ್, ಸ್ಲೈಡ್ ಮಾಡಬೇಕು. ತಲೆ ತಗ್ಗಿಸಿ ಬಂದವನಿಗೆ ಚೆಂಡು ಕಾಣುವುದಿಲ್ಲ, ಹಾಗಾಗಿ ಕಣ್ಣು ತಾನಾಗಿ ಮೇಲೇಳುತ್ತದೆ. ಉಳಿದ ಸಮಯವೆಲ್ಲ ನಾಲ್ವರ ವಿರುದ್ಧ ನಾಲ್ವರ ಶೆಲ್ ಡ್ರಿಲ್‌ಗೆ ಮೀಸಲಿಡಿ: ಪ್ರತಿ ಪಾಸಿಗೂ ಡಿಫೆನ್ಸಿನ ನಾಲ್ವರೂ ಒಟ್ಟಿಗೆ ಜಾಗ ಬದಲಿಸಬೇಕು, ಚೆಂಡಿನ ಎದುರಿಗಿರುವವನು ಕೂಗಿ ಹೇಳಬೇಕು.

ಹೊಸದಾಗಿ ಕೊಳ್ಳುವವರಿಗೆ 4 ಮೀಟರಿನದ್ದು ಸಾಕು. ಹನ್ನೆರಡು ಜನರ ತಂಡಕ್ಕೆ ಉದ್ದನೆಯದೊಂದರ ಬದಲು ಗಿಡ್ಡವು ಎರಡಿರಲಿ, ಸಾಲಿನಲ್ಲಿ ನಿಂತು ಮೈ ಆರುವುದು ತಪ್ಪುತ್ತದೆ.