ಆಟೋ ಅಡ್ಜಸ್ಟರ್ ಬೇಕಾ, ಕೈಯಲ್ಲೇ ಬಿಗಿಸಿದರೆ ಸಾಕಾ?

ಹೈಡ್ರಾಲಿಕ್ (ಎಣ್ಣೆಯ ಒತ್ತಡದಲ್ಲಿ ನಡೆಯುವ) ಡ್ರಮ್ ಬ್ರೇಕ್ ಇರುವ ಲಾರಿಗೆ ಬ್ರೇಕಿನ ಗ್ಯಾಪ್ ತಾನೇ ಸರಿಮಾಡುವ ಆಟೋ ಅಡ್ಜಸ್ಟರ್ ಒಳ್ಳೆಯದಾ, ಕೈಯಲ್ಲಿ ಬಿಗಿಸುವ ಮ್ಯಾನುಯಲ್ ಒಳ್ಳೆಯದಾ ಅಂತ ಕೇಳಿದ್ದೀರಿ. ಚಕ್ರದ ಜೊತೆ ತಿರುಗುವ ಡ್ರಮ್‌ಗೆ ಒಳಗಿನಿಂದ ಒತ್ತುವುದು ಶೂ, ಅದರ ಮೇಲಿನ ಉಜ್ಜುವ ಪದರ ಲೈನಿಂಗ್. ಲೈನಿಂಗ್ ಸವೆದಷ್ಟೂ ಶೂ-ಡ್ರಮ್ ನಡುವಿನ ಗ್ಯಾಪ್ ಜಾಸ್ತಿಯಾಗಿ ಪೆಡಲ್ ಕೆಳಗಿಳಿಯುತ್ತದೆ, ಅಲ್ವಾ? ಆಟೋ ಅಡ್ಜಸ್ಟರ್‌ನಲ್ಲಿ ಶೂ ಮಿತಿ ಮೀರಿ ಸರಿದಾಗ ಲಿವರ್ ಒಂದು ಹಲ್ಲಿನ ಚಕ್ರವನ್ನು ಚೂರು ತಿರುಗಿಸಿ ಗ್ಯಾಪ್ ಮುಚ್ಚುತ್ತದೆ, ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ. ಮ್ಯಾನುಯಲ್ ಆದರೆ ಜಾಕ್ ಹಾಕಿ ನಾವೇ ಬಿಗಿಸಬೇಕು.

ಖರ್ಚಿನಲ್ಲಿ ಮ್ಯಾನುಯಲ್ ಅಗ್ಗ, ಬಿಡಿಭಾಗ ಕಡಿಮೆ. ಬಾಳಿಕೆಯ ವಿಷಯ ಬೇರೆ: ಕೆಸರು, ಧೂಳಲ್ಲಿ ಆಟೋ ಅಡ್ಜಸ್ಟರ್‌ನ ಹಲ್ಲಿನ ಚಕ್ರ ತುಕ್ಕು ಹಿಡಿದು ಸುಮ್ನೆ ಕೂತುಬಿಡಬಹುದು, ನೀವು ಅದು ಕೆಲಸ ಮಾಡುತ್ತಿದೆ ಅಂತ ನಂಬಿರುತ್ತೀರಿ. ಶಿರಾಡಿ ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿದರೆ ಕೆಲವು ಮಾದರಿ ಅತಿಯಾಗಿ ಬಿಗಿಸಿಬಿಡುತ್ತವೆ, ಆರಿದ ಮೇಲೆ ಶೂ ಉಜ್ಜುತ್ತದೆ.

ಸಿಟಿ ಓಡಾಟ, ಬದಲಾಗುವ ಡ್ರೈವರ್‌ಗಳಿದ್ದರೆ ಆಟೋ. ಕ್ವಾರಿ ಗಾಡಿ, ಹತ್ತಿರದಲ್ಲೇ ಮೆಕ್ಯಾನಿಕ್ ಇದ್ದರೆ ಮ್ಯಾನುಯಲ್. ಆಟೋ ಹಾಕಿಸಿದರೂ ಲೈನಿಂಗ್ ದಪ್ಪ ನೋಡುವುದನ್ನು ಮಾತ್ರ ಬಿಡಬೇಡಿ.