ನಿಂಬೆ ಗಿಡದ ಹಳದಿ ಎಲೆ ಮತ್ತು ‘ಅರ್ಕಾ ಸಿಟ್ರಸ್ ಸ್ಪೆಷಲ್’

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನಿಂಬೆ ಜಾತಿಯ ಗಿಡಗಳಿಗೆಂದೇ ರೂಪಿಸಿರುವ ‘ಅರ್ಕಾ ಸಿಟ್ರಸ್ ಸ್ಪೆಷಲ್’ ಎಂಬ ಲಘು ಪೋಷಕಾಂಶಗಳ (ಗಿಡಕ್ಕೆ ಅತಿ ಕಡಿಮೆ ಪ್ರಮಾಣದಲ್ಲಿ ಬೇಕಾಗುವ ಸತು, ಕಬ್ಬಿಣದಂಥವುಗಳ) ಪುಡಿಯನ್ನು ನಮ್ಮ ಹಿತ್ತಲಿನ ನಿಂಬೆ ಗಿಡಕ್ಕೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪುಡಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ನಮ್ಮ ಗಿಡಕ್ಕೆ ಬೇಕಾಗಿರುವುದು ಅದೇ ಕೆಲಸವೇ ಎಂಬುದನ್ನು ಎಲೆ ನೋಡಿ ನಾವು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಎಲೆ ಹಳದಿಯಾಗಿದೆ ಎಂದರೆ ಸಾಕು, ಗೊಬ್ಬರದಂಗಡಿಯಲ್ಲಿ ಯಾವುದೋ ಒಂದು ಪೊಟ್ಟಣ ಕೈಗೆ ಬರುತ್ತದೆ. ಹಳದಿಯಾಗಿರುವುದು ಹಳೆಯ ಎಲೆಯೋ ಚಿಗುರೋ, ನರಗಳು ಹಸಿರಾಗಿಯೇ ಉಳಿದಿವೆಯೋ ಎಂದು ಕೇಳುವವರು ಕಡಿಮೆ.

ಪರೀಕ್ಷೆ ಕಷ್ಟದ್ದೇನಲ್ಲ. ಒಂದೇ ರೆಂಬೆಯ ತುದಿ, ನಡು ಮತ್ತು ಬುಡದಿಂದ ಒಂದೊಂದು ಎಲೆ ಕಿತ್ತು ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು, ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರೆ ಬಹುಪಾಲು ವಿಷಯ ತಿಳಿಯುತ್ತದೆ. ನಮ್ಮ ಗಿಡದಲ್ಲಿ ಬುಡದ ಎಲೆ ಕಡುಹಸಿರಾಗಿತ್ತು. ತುದಿಯ ಎಲೆಗಳು ಮಾತ್ರ ಸಣ್ಣದಾಗಿ, ಕಿರಿದಾಗಿ, ಈಟಿಯ ಮೊನೆಯಂತೆ ನೆಟ್ಟಗೆ ನಿಂತಿದ್ದವು. ನಡುನರ ಮತ್ತು ಪಕ್ಕದ ನರಗಳ ಉದ್ದಕ್ಕೂ ಹಸಿರು ಉಳಿದು, ನರಗಳ ನಡುವಿನ ಜಾಗವೆಲ್ಲ ತಿಳಿ ಹಳದಿಗೆ ತಿರುಗಿತ್ತು. ಗೆಣ್ಣುಗಳ ನಡುವಿನ ಅಂತರವೂ ಕುಗ್ಗಿ, ಎಲೆಗಳು ಗೊಂಚಲಾಗಿ ಕೂತಿದ್ದವು. ಇವೆಲ್ಲ ಒಟ್ಟಿಗೆ ಕಂಡರೆ ಅದು ಸತುವಿನ ಕೊರತೆ. ನಿಂಬೆ, ಮೋಸಂಬಿ, ಕಿತ್ತಳೆ ಗಿಡಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಕೊರತೆಗಳಲ್ಲಿ ಇದೂ ಒಂದು, ಮತ್ತು ಈ ಪುಡಿ ಸರಿಯಾಗಿ ಒದಗುವುದೂ ಇಂಥ ಗಿಡಕ್ಕೇ.

ಇದೇ ಹಳದಿ ಬೇರೆ ರೂಪದಲ್ಲಿ ಬಂದರೆ ಲೆಕ್ಕವೂ ಬೇರೆ. ಎಲೆಯ ಗಾತ್ರ ಸರಿಯಾಗಿದ್ದು, ಚಿಗುರು ಪೂರ್ತಿ ಬಿಳಿಚಿಕೊಂಡು, ಸಣ್ಣ ನರಗಳ ಬಲೆ ಮಾತ್ರ ಹಸಿರಾಗಿ ಎದ್ದು ಕಾಣುತ್ತಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತ ಬಂದು, ತೊಟ್ಟಿನ ಕಡೆ ತ್ರಿಕೋನದಂಥ ಹಸಿರು ಭಾಗ ಉಳಿದಿದ್ದರೆ ಅದು ಮೆಗ್ನೀಸಿಯಂ ಕೊರತೆ. ಹಳೆಯ ಎಲೆ ನರಸಮೇತ ಒಂದೇ ಸಮನೆ ಮಾಸಿದ್ದರೆ ಸಾರಜನಕದ ಕೊರತೆ. ಅದಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಯೂರಿಯಾ ಬೇಕೇ ಹೊರತು ಲಘು ಪೋಷಕಾಂಶಗಳ ಪೊಟ್ಟಣವಲ್ಲ. ಬುಡದ ಕಡೆಯ ನಾಲ್ಕಾರು ಹಳೆಯ ಎಲೆಗಳು ಹಣ್ಣಾಗಿ ಉದುರುವುದು ಸಹಜ, ಅದಕ್ಕೆ ಏನೂ ಬೇಕಿಲ್ಲ.

ಬಳಸುವ ಕ್ರಮ ಸರಳವಾಗಿದೆ. ಒಂದು ಲೀಟರ್ ನೀರಿಗೆ 5 ಗ್ರಾಂ, ಅಂದರೆ 15 ಲೀಟರಿನ ಬೆನ್ನು ಪಂಪಿಗೆ 75 ಗ್ರಾಂ ಪುಡಿ ಹಾಕಿ, ಜೊತೆಗೆ ಎರಡು ನಿಂಬೆಹಣ್ಣಿನ ರಸ ಮತ್ತು ಒಂದು ಸಣ್ಣ ಸ್ಯಾಷೆ ಶ್ಯಾಂಪೂ ಬೆರೆಸಬೇಕು. ನಿಂಬೆರಸ ಗಡಸು ನೀರಿನ ಕ್ಷಾರವನ್ನು ತಗ್ಗಿಸಿ ಪೋಷಕಾಂಶಗಳು ತಳಕ್ಕಿಳಿಯದಂತೆ ನೋಡಿಕೊಳ್ಳುತ್ತದೆ. ಮೇಣದಂಥ ಹೊಳಪಿರುವ ನಿಂಬೆ ಎಲೆಯ ಮೇಲಿಂದ ದ್ರಾವಣ ಹನಿಹನಿಯಾಗಿ ಜಾರಿಹೋಗದೆ ಹರಡಿಕೊಳ್ಳುವುದು ಶ್ಯಾಂಪೂವಿನಿಂದ. ಕೊಳವೆಬಾವಿಯ ನೀರನ್ನೇ ಬಳಸುವ ಮನೆಗಳಲ್ಲಿ ಇವೆರಡನ್ನೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಗುರು ಮುಕ್ಕಾಲು ಪಾಲು ಬಲಿತಿರುವಾಗ, ಬಿಸಿಲೇರುವ ಮೊದಲು ಅಥವಾ ಸಂಜೆ, ಎಲೆಯ ಅಡಿಭಾಗವೂ ನೆನೆಯುವಂತೆ ಸಿಂಪಡಿಸಬೇಕು.

ಫಲಿತಾಂಶದ ವಿಷಯದಲ್ಲಿ ತಾಳ್ಮೆ ಬೇಕು. ಆಗಲೇ ಬಲಿತು ಹಳದಿಯಾಗಿದ್ದ ಎಲೆಗಳು ಪೂರ್ತಿ ಹಸಿರಿಗೆ ಮರಳಲಿಲ್ಲ, ಮರಳುತ್ತವೆಂದು ನಿರೀಕ್ಷಿಸಲೂಬಾರದು. ಎಳೆಯ ಎಲೆಗಳಲ್ಲಿ ನರಗಳ ಬದಿಯಿಂದ ಹಸಿರು ಮೆಲ್ಲಗೆ ಹರಡಿತು. ನಿಜವಾದ ವ್ಯತ್ಯಾಸ ಕಂಡದ್ದು ಮುಂದಿನ ಚಿಗುರಿನಲ್ಲಿ: ಎಲೆಗಳು ಅಗಲವಾಗಿ, ಸರಿಯಾದ ಅಂತರದಲ್ಲಿ, ಒಂದೇ ಬಣ್ಣದಲ್ಲಿ ಬಂದವು. ಇಷ್ಟರಮಟ್ಟಿಗೆ ಈ ಪುಡಿಯನ್ನು ಮನಸಾರೆ ಮೆಚ್ಚುತ್ತೇನೆ.

ಅದರಿಂದ ಆಗದ ಕೆಲಸಗಳನ್ನೂ ಹೇಳಲೇಬೇಕು. ಹಿತ್ತಲಿನ ಮಣ್ಣೆಂದರೆ ಅನೇಕ ಕಡೆ ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟು, ಸುಣ್ಣ ಬೆರೆತ ಮಣ್ಣು. ಅಂಥ ಮಣ್ಣಿನ ಕ್ಷಾರದಲ್ಲಿ ಸತು, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ವಿಜಯಪುರದ ಕಡೆಯ ಸುಣ್ಣದಂಶವಿರುವ ಕಪ್ಪು ಮಣ್ಣಿನಲ್ಲೂ ನಿಂಬೆ ಬೆಳೆಗಾರರು ಎದುರಿಸುವುದು ಇದೇ ತೊಡಕನ್ನು. ಇಂಥಲ್ಲಿ ಸಿಂಪಡಣೆ ಆಯಾ ಚಿಗುರನ್ನಷ್ಟೇ ಕಾಯುತ್ತದೆ. ಪಾತಿಗೆ ಕಾಂಪೋಸ್ಟ್ ಸೇರಿಸುತ್ತ ಮಣ್ಣನ್ನು ಸುಧಾರಿಸದಿದ್ದರೆ ಪ್ರತಿ ಚಿಗುರಿಗೂ ಪಂಪು ಹಿಡಿಯಬೇಕಾಗುತ್ತದೆ. ಇನ್ನು ನಡುನರವೇ ಹಳದಿಯಾಗಿ, ಕಾಂಡದ ಬುಡದಲ್ಲಿ ಅಂಟು ಸೋರುತ್ತಿದ್ದರೆ ತೊಂದರೆ ಇರುವುದು ನೀರು ನಿಂತು ಕೊಳೆತ ಬೇರು, ತೊಗಟೆಗಳಲ್ಲಿ. ಅಲ್ಲಿ ಯಾವ ಪೋಷಕಾಂಶವೂ ಉಪಯೋಗಕ್ಕೆ ಬಾರದು, ಮೊದಲು ನೀರು ಬಸಿದುಹೋಗಬೇಕು.

ಎಲ್ಲಕ್ಕಿಂತ ಎಚ್ಚರವಹಿಸಬೇಕಾದದ್ದು ಗ್ರೀನಿಂಗ್ ರೋಗದ ಹಳದಿಯ ಬಗ್ಗೆ. ಪೋಷಕಾಂಶದ ಕೊರತೆಯ ಹಳದಿ ನಡುನರದ ಎರಡೂ ಬದಿಯಲ್ಲಿ ಸಮನಾಗಿ ಮೂಡುತ್ತದೆ. ಗ್ರೀನಿಂಗ್‌ನಲ್ಲಿ ಎಡಕ್ಕೊಂದು ತೇಪೆ, ಬಲಕ್ಕೊಂದು ತೇಪೆ ಎಂಬಂತೆ ಹೊಂದಿಕೆಯಿಲ್ಲದೆ ಹರಡುತ್ತದೆ. ಮೊದಮೊದಲು ಒಂದೇ ರೆಂಬೆ ಹಳದಿಯಾಗುವುದುಂಟು, ಹಣ್ಣು ಓರೆಯಾಗಿ ಸಣ್ಣದಾಗಿಯೇ ಉಳಿಯುವುದುಂಟು. ಕೊಡಗಿನ ಕಿತ್ತಳೆ ತೋಟಗಳು ಸೊರಗಲು ಕಾರಣವಾದವುಗಳಲ್ಲಿ ಈ ಬ್ಯಾಕ್ಟೀರಿಯಾ ರೋಗವೂ ಒಂದು, ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಇದನ್ನು ಹರಡುವ ಸಿಲ್ಲಾ ಎಂಬ ಪುಟ್ಟ ಕೀಟ ಕರಿಬೇವಿನ ಚಿಗುರಿನಲ್ಲೂ ಬೆಳೆಯುತ್ತದೆ, ಹಿತ್ತಿಲುಗಳಲ್ಲಿ ನಿಂಬೆ ಮತ್ತು ಕರಿಬೇವು ಅಕ್ಕಪಕ್ಕದಲ್ಲೇ ಇರುತ್ತವೆ. ಗ್ರೀನಿಂಗ್ ತಗುಲಿದ ಗಿಡದ ಚಿಗುರು ಸತುವಿನ ಕೊರತೆಯನ್ನೇ ಹೋಲುವುದರಿಂದ ತಿಂಗಳುಗಟ್ಟಲೆ ಪುಡಿ ಸಿಂಪಡಿಸುತ್ತ ಕೂರುವ ಅಪಾಯವಿದೆ. ಎರಡು ಚಿಗುರು ಕಳೆದರೂ ಸುಧಾರಣೆ ಕಾಣದಿದ್ದರೆ ರೆಂಬೆಯೊಂದನ್ನು ತೋಟಗಾರಿಕೆ ಇಲಾಖೆಯವರಿಗೋ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋರಿಸುವುದು ಒಳ್ಳೆಯದು.

ಸತು ಒಂದೇ ಸಾಕು ಎನ್ನುವವರಿಗೆ ಇನ್ನೂ ಅಗ್ಗದ ದಾರಿಯಿದೆ: ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು ಅದರ ಅರ್ಧದಷ್ಟು ಸುಣ್ಣ. ಆದರೆ ಸುಣ್ಣ ಕರಗಿಸಿ ಸೋಸುವ ರಗಳೆ, ಪ್ರಮಾಣ ತಪ್ಪಿದರೆ ಎಲೆ ಸುಡುವ ಭಯ, ಜೊತೆಗೇ ಇರಬಹುದಾದ ಬೇರೆ ಲಘು ಪೋಷಕಾಂಶಗಳ ಕೊರತೆ ಇವನ್ನೆಲ್ಲ ಯೋಚಿಸಿದರೆ ಹಿತ್ತಲಿಗೆ ಸಿದ್ಧ ಮಿಶ್ರಣವೇ ಮೇಲು. ನಾನು ತಂದದ್ದು ಒಂದು ಕಿಲೋ ಪೊಟ್ಟಣ. ಅದರಿಂದ 200 ಲೀಟರ್ ದ್ರಾವಣವಾಗುತ್ತದೆ, ನಮ್ಮಂಥ ಒಂದು ಗಿಡಕ್ಕೆ ಒಂದು ಸಲಕ್ಕೆ ಮೂರು ಲೀಟರ್ ಸಾಕು. ಆದ್ದರಿಂದ ನಿಂಬೆ ಗಿಡವಿರುವ ಅಕ್ಕಪಕ್ಕದ ಮನೆಯವರು ಸೇರಿ ಕೊಂಡು ಹಂಚಿಕೊಳ್ಳುವುದು ಲೇಸು. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮಾವಿಗೂ ಬಾಳೆಗೂ ಇದೇ ಸಂಸ್ಥೆ ಬೇರೆ ಬೇರೆ ಮಿಶ್ರಣಗಳನ್ನು ರೂಪಿಸಿರುವುದರಿಂದ, ಉಳಿಯಿತೆಂದು ಇದನ್ನೇ ಅವಕ್ಕೂ ಸಿಂಪಡಿಸಬಾರದು.