ಬಡಾವಣೆಯ ಪಾರ್ಕು, ನಿವಾಸಿಗಳ ಉಸ್ತುವಾರಿ: ಒಂದು ವಿಮರ್ಶೆ

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಮಿತಿಯೇ ನೋಡಿಕೊಳ್ಳುವ ಒಂದು ಸಣ್ಣ ಪಾರ್ಕು ಇದೆ. ವಾಕಿಂಗಿಗೆ ಬರುವವರೆಲ್ಲ ಅಲ್ಲಿನ ಹೊಂಗೆಯ ನೆರಳನ್ನು ಹೊಗಳುತ್ತಾರೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದನ್ನು ನಡೆಸುವ ಕ್ರಮ.

ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಮಾಲಿಯ ಸಂಬಳ, ಪೈಪಿನ ರಿಪೇರಿ, ಪೊರಕೆಯ ಬೆಲೆ ಸಮೇತ ತಿಂಗಳ ಜಮಾಖರ್ಚನ್ನು ಬರೆದಿರುತ್ತಾರೆ. ಮಂಡಕ್ಕಿ ಮಿರ್ಚಿ ತಿಂದು ಕಾಗದವನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದವರಿಗೆ ಮೊದಲ ಸಲ ಬಾಯಿಮಾತಿನಲ್ಲಿ ಹೇಳುತ್ತಾರೆ. ಮತ್ತೆ ಬಿಟ್ಟರೆ ಒಂದು ಬೆಳಿಗ್ಗೆ ಕಸ ಗುಡಿಸುವ ಪಾಳಿ ಅವರದು. ದಂಡದ ಮಾತು ಬರುವುದು ಅದಾದ ಮೇಲೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಜನರೇ ಬಹುಕಾಲ ಕಾಪಾಡಿಕೊಂಡು ಬಂದ ಬಗೆಯನ್ನು ಅಧ್ಯಯನ ಮಾಡಿ, 1990ರಲ್ಲಿ ಎಂಟು ಸೂತ್ರಗಳನ್ನು ಮುಂದಿಟ್ಟರು. ಹಂತಹಂತವಾಗಿ ಏರುವ ಶಿಕ್ಷೆ ಅವುಗಳಲ್ಲೊಂದು. ಜೀವವಿಕಾಸ ವಿಜ್ಞಾನಿ ಡೇವಿಡ್ ಸ್ಲೋನ್ ವಿಲ್ಸನ್ ಇದೇ ಸೂತ್ರಗಳಿಗೆ ವಿಕಾಸವಾದದ ನೆಲೆಗಟ್ಟನ್ನು ಒದಗಿಸಿದರು: ಒಂದು ಗುಂಪಿನೊಳಗೆ ಸ್ವಾರ್ಥಿಯ ಕೈ ಮೇಲಾಗುತ್ತದೆ, ಗುಂಪು ಗುಂಪುಗಳ ನಡುವಿನ ಪೈಪೋಟಿಯಲ್ಲಿ ಸಹಕರಿಸುವವರ ಗುಂಪು ಮುಂದಾಗುತ್ತದೆ; ಆದ್ದರಿಂದ ಒಳಗಿನ ಸ್ವಾರ್ಥಕ್ಕೆ ಲಗಾಮು ಹಾಕುವ ವ್ಯವಸ್ಥೆ ಬೇಕು. ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದಲ್ಲಿ ಅವರು ನೆರೆಹೊರೆಯವರಿಂದಲೇ ಪಾರ್ಕುಗಳ ವಿನ್ಯಾಸ ಮಾಡಿಸುವ ಸ್ಪರ್ಧೆಯನ್ನೂ ಏರ್ಪಡಿಸಿದ್ದರು. ಭದ್ರಾ ನಾಲೆಯ ಕೊನೆಯ ಭಾಗದ, ನೀರು ಸರಿಯಾಗಿ ತಲುಪದ ರೈತರ ಗೋಳು ಕೇಳಿರುವ ನಮ್ಮ ಜಿಲ್ಲೆಯವರಿಗೆ ಸ್ವಾರ್ಥಕ್ಕೆ ಲಗಾಮು ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕೆರೆಗಳಲ್ಲಿ ಪಾಳಿಯ ಪ್ರಕಾರ ನೀರು ಬಿಡಲು ನೀರಗಂಟಿ ಇದ್ದದ್ದೂ ಇದೇ ಕಾರಣಕ್ಕೆ.

ಆದರೆ ನಿಯಮಕ್ಕೆ ಒಳಪಡುವವರಿಗೆ ಅದನ್ನು ರೂಪಿಸುವುದರಲ್ಲಿಯೂ ಪಾಲಿರಬೇಕೆಂಬ ಸೂತ್ರವನ್ನು ನಮ್ಮ ಸಮಿತಿ ಪಾಲಿಸಿಲ್ಲ. ಅದರಲ್ಲಿರುವವರು ಬಹುಪಾಲು ನಿವೃತ್ತ ಗಂಡಸರು. ಹುಡುಗರನ್ನು ಒಂದು ಮಾತೂ ಕೇಳದೆ ಕ್ರಿಕೆಟ್ ನಿಷೇಧಿಸಿದ್ದರಿಂದ ಆಟ ಪಕ್ಕದ ರಸ್ತೆಗೆ ಹೋಗಿದೆ. ಚೆಂಡು ಮಾತ್ರ ದಿನವೂ ಬೇಲಿ ಹಾರಿ ಒಳಗೇ ಬೀಳುತ್ತದೆ, ಜಗಳವೂ ಅದರ ಹಿಂದೆಯೇ ಬರುತ್ತದೆ. ಹಿಂಬದಿಯ ದಾರಿಗೆ ದೀಪ ಬೇಕೆಂದು ಹೆಣ್ಣುಮಕ್ಕಳು ಕೇಳಿದ್ದು ಇನ್ನೂ ಈಡೇರಿಲ್ಲ, ಹೊಸ ನಾಮಫಲಕವೇನೋ ಬೇಗನೆ ಬಂತು! ವ್ಯಾಯಾಮದ ಸಲಕರಣೆಗಳು ಸಾಧಾರಣ.

ಬೆಳಗಿನ ನಡಿಗೆಗೆ ಈ ಪಾರ್ಕನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆಡುವ ವಯಸ್ಸಿನ ಮಕ್ಕಳಿರುವವರು ಸದ್ಯಕ್ಕೆ ಬೇರೆ ಮೈದಾನ ನೋಡಿಕೊಳ್ಳುವುದು ಒಳ್ಳೆಯದು, ಸಂಜೆ ಒಂಟಿಯಾಗಿ ಬರುವವರು ಹಿಂಬದಿಯ ದಾರಿ ಬಿಟ್ಟು ಮುಂದಿನ ಸುತ್ತಿನಲ್ಲೇ ನಡೆಯಬೇಕು.